ಹಸಿರು ಬಳಿದ ಕೈಪಂಪು

೧೯೮೯ರಲ್ಲಿ ನಾನು ಕಂಪ್ಯೂಟರ್ ಸರ್ವಿಸ್ ಇಂಜಿನಿಯರ್. ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡ ನನ್ನ ಪಾಲಿಗೆ ಬಂದಿದ್ದವು. ಮಧುಗಿರಿಯಲ್ಲಿ ಕುಡಿಯುವ ನೀರಿನ ಸಮೀಕ್ಷೆಗೆಂದು ತೆರೆದಿದ್ದ ಕಚೇರಿಯಲ್ಲಿ ಒಂದೇ ಒಂದು ಪಿ.ಸಿ. ಇತ್ತು. ಬೋರ್‌ವೆಲ್ ನೀರಿನ ಫ್ಲೋರೈಡ್ ಪ್ರಮಾಣವನ್ನು ಅದಕ್ಕೆ ತುಂಬಿಸಿದರೆ, ಯಾವ ಕೈಪಂಪಿಗೆ ಹಸಿರು ಬಣ್ಣ, ಯಾವುದಕ್ಕೆ ಕೆಂಪು ಎಂದು ಅದೇ ಅಚ್ಚು ಹಾಕಿ ಕೊಡುತ್ತಿತ್ತು. ಹಸಿರೆಂದರೆ ಕುಡಿಯಬಹುದು. ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಹಲ್ಲು, ಮೂಳೆ ಕೆಡುತ್ತವೆ; ಅಂಥದ್ದಕ್ಕೆ ಕೆಂಪು.

ಆ ಬೇಸಿಗೆಯಲ್ಲಿ ಅಲ್ಲಿಂದ ಕರೆ ಬಂತು. ಪಾವಗಡದ ತಿರುಮಣಿ ಕಡೆಯ ಒಂದು ಹಟ್ಟಿಯಲ್ಲಿ, ಮೂರು ವರ್ಷದ ಹಿಂದೆ ಹಸಿರು ಬಳಿದಿದ್ದ ಪಂಪಿನ ನೀರನ್ನು ಮತ್ತೆ ಪರೀಕ್ಷಿಸಿದಾಗ ಲೀಟರಿಗೆ ಆರು ಮಿಲಿಗ್ರಾಂ ಫ್ಲೋರೈಡ್ ಸಿಕ್ಕಿತ್ತು. ಕಂಪ್ಯೂಟರಿನಲ್ಲಿ ದಾಖಲಾಗಿದ್ದದ್ದು ಒಂದೇ ಮಿಲಿಗ್ರಾಂ. ಟೈಪಿಸ್ಟ್ ರತ್ನಮ್ಮನವರನ್ನು ಕೆಲಸದಿಂದ ತೆಗೆಯಲು ಅಧಿಕಾರಿ ಆಗಲೇ ತೀರ್ಮಾನಿಸಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಕಚೇರಿಗಳ ಹಳೇ ಚಾಳಿ.

ಆಕೆಯನ್ನು ಕೂರಿಸಿ ಕೆಲಸ ಮಾಡಿಸಿ ನೋಡಿದೆ. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಪಳಗಿದ ಕೈ. ಅಲ್ಲಿ ಕಣ್ಣು ಕಾಗದ ಬಿಟ್ಟು ಕದಲಿದರೆ ಗೆಣ್ಣಿಗೆ ಸ್ಕೇಲಿನ ಏಟು. ಹಾಗಾಗಿ ಆಕೆ ಪರದೆಯತ್ತ ತಲೆ ಎತ್ತುತ್ತಲೇ ಇರಲಿಲ್ಲ. ಆ ಹಳೆಯ ಕೀಬೋರ್ಡಿನ ಬಲಗಡೆಯ ಅಂಕಿಗಳಿಗೆ ಎರಡು ಕೆಲಸ. ‘ನಮ್ ಲಾಕ್’ ಎಂಬ ಕೀ ಆನ್ ಆಗಿದ್ದರೆ ಆರು ಒತ್ತಿದಾಗ ಆರು ಬೀಳುತ್ತದೆ. ಇಲ್ಲದಿದ್ದರೆ ಕರ್ಸರ್ ಬಲಕ್ಕೆ ಸರಿಯುತ್ತದೆ, ಅಷ್ಟೆ. ಯಂತ್ರ ಶುರುವಾದಾಗಲೆಲ್ಲ ಅದು ಆಫ್. ತಿಳಿಯಲು ದೀಪವೂ ಇಲ್ಲ. ಪ್ರೋಗ್ರಾಮೋ, ಹಿಂದಿನ ಬೋರ್‌ವೆಲ್ಲಿನ ಅಂಕಿಯನ್ನೇ ಹೊಸದರ ಜಾಗದಲ್ಲೂ ತೋರಿಸುತ್ತಿತ್ತು. ಹೊಸ ಅಂಕಿ ಬೀಳದಿದ್ದರೆ ಹಳೆಯದೇ ಖಾಯಂ.

“ಬೆಳಿಗ್ಗೆ ಬಂದ್ ತಕ್ಷಣ ಆ ಕೀ ಒತ್ತೇ ಒತ್ತೀನಿ ಸಾರ್,” ಎಂದರು ರತ್ನಮ್ಮ.

“ಮಧ್ಯಾಹ್ನ ಕರೆಂಟ್ ಹೋಗಿ ಬಂದ್ರೆ?”

ಆಕೆಯ ಕೈ ನಿಂತಿತು. “ಆವಾಗ... ಮಿಷನ್ ಆನ್ ಮಾಡ್ಕಂಡು, ಆ ಕೀ ಒತ್ತದೆ ಅಂಗೇ ಮುಂದುವರುಸ್ತಿದ್ದೆ,” ಎಂದು ಅತ್ತುಬಿಟ್ಟರು.

ನಮ್ ಲಾಕನ್ನು ಆನ್ ಮಾಡುವ ನಾಲ್ಕು ಸಾಲಿನ ಪ್ರೋಗ್ರಾಂ ಬರೆದು, ಯಂತ್ರ ಶುರುವಾಗುವಾಗ ತಾನೇ ಓದಿಕೊಳ್ಳುವ ಆಟೋಎಕ್ಸೆಕ್ ಫೈಲಿಗೆ ಸೇರಿಸಿದೆ. ಕಾಲು ಗಂಟೆಯ ಕೆಲಸ. ಇಷ್ಟನ್ನು ಮೊದಲೇ ಯಾರಾದರೂ ಮಾಡಿಸಬಾರದಿತ್ತೇ ಎಂದು ಅಧಿಕಾರಿಯ ಮೇಲೆ ರೇಗಿದೆ. ರತ್ನಮ್ಮನವರ ಕೆಲಸ ಉಳಿಯಿತು.

ಮರುದಿನ ಬಣ್ಣ ಬಳಿಯುವವರ ಜೀಪಿನಲ್ಲಿ ನಾನೂ ಹಟ್ಟಿಗೆ ಹೋದೆ. ಪಂಪಿಗೆ ಕೆಂಪು ಬಳಿಯುವುದನ್ನು ಕುರಿ ಸಾಕುವ ಮನೆಯ ಈರಕ್ಕ ನಿಂತು ನೋಡುತ್ತಿದ್ದಳು. ಪಕ್ಕದಲ್ಲಿ ಎಂಟು ವರ್ಷದ ಮಗಳು. ಹೊಸದಾಗಿ ಬಂದ ಹಲ್ಲುಗಳೆಲ್ಲ ಕಂದು, ನಡೆದರೆ ಮಂಡಿಗೆ ಮಂಡಿ ತಾಗುತ್ತಿತ್ತು.

“ಮದ್ಲು ದೂರದ ಹಳ್ಳದಾಗೆ ಚಿಲುಮೆ ತೋಡಿ ನೀರು ತತ್ತಿದ್ದೆ ನಾಯನಾ. ನೀವು ಹಸ್ರು ಬಳುದ್ರಲ್ಲ, ನಂಬ್ಕಂಡು ಇದುನ್ನೇ ಕುಡುಸ್ದೆ,” ಎಂದಳು ಈರಕ್ಕ.

ಯಂತ್ರದ ದೋಷ ಸರಿ ಮಾಡಿದ್ದೇನೆ, ಇನ್ನು ಹೀಗಾಗುವುದಿಲ್ಲ ಎಂದೆ.

“ಮಿಷನ್ನು ಸರಿ ಮಾಡ್ಬುಟ್ರಿ. ಇವುಳ್ನ ಹೆಂಗೆ ಸರಿ ಮಾಡೀರಿ?”

ಯಂತ್ರವೇ ಮಾಡಬಹುದಾದ ಕೆಲಸವನ್ನು ಮನುಷ್ಯರ ನೆನಪಿಗೆ ಬಿಡಬಾರದು. ಆ ಪಾಠ ಕಲಿತವನು ನಾನು. ಅದರ ಬೆಲೆ ತೆತ್ತವಳು ಆ ಹುಡುಗಿ.