ಮೂಗಿನಲ್ಲಿ ಕಡಲೆಬೀಜ, ಕೈಯಲ್ಲಿ ವೈದ್ಯಪುಸ್ತಕ

ನಾನಿನ್ನೂ ನೌಕರಿಯಲ್ಲಿದ್ದ ಕಾಲ. ಮನೆಮಂದಿಯ ಕೆಮ್ಮು ನೆಗಡಿಗೆ ಆಗುತ್ತದೆಂದು ಜಯನಗರದಲ್ಲಿ ದಪ್ಪನೆಯ ಮನೆವೈದ್ಯದ ಪುಸ್ತಕವೊಂದನ್ನು ಕೊಂಡು, ಉತ್ತರಹಳ್ಳಿ ಬಸ್ಸಿನಲ್ಲೇ ಓದಲು ಶುರುಮಾಡಿದ್ದೆ. ಪಕ್ಕದಲ್ಲಿದ್ದ ಅಜ್ಜಿ ಇದ್ದಕ್ಕಿದ್ದಂತೆ ಚೀರಿದರು. ಅವರ ಪುಟ್ಟ ಮೊಮ್ಮಗಳು ತಿನ್ನುತ್ತಿದ್ದ ಕಡಲೆಬೀಜವನ್ನು ಮೂಗಿಗೆ ತುರುಕಿಕೊಂಡಿದ್ದಳು. ಅಜ್ಜಿ ತುರುಬಿನ ಪಿನ್ನು ಕಿತ್ತೇಬಿಟ್ಟರು.

"ಬೇಡಿ ಅಮ್ಮಾ, ಚುಚ್ಚಿದ್ರೆ ಇನ್ನೂ ಒಳಗೆ ಹೋಗತ್ತೆ!" ಎಂದು ನಾನು ಪುಟ ತಿರುವಿದೆ.

"ನೀವು ಡಾಕ್ಟ್ರಾ?"

"ಅಲ್ಲ, ಪುಸ್ತಕ ಇದೆ."

"ಸರಿಹೋಯ್ತು!" ಎಂದ ಕಂಡಕ್ಟರ್.

ನಾನು ಬಿಡುವವನೇ? ಮಗುವಿನ ಇನ್ನೊಂದು ಹೊಳ್ಳೆ ಒತ್ತಿ ಹಿಡಿದು, "ಬಾಯಿ ಮುಚ್ಕೊಂಡು ಮೂಗಲ್ಲಿ ಜೋರಾಗಿ ಉಸ್ರು ಬಿಡು ಪುಟ್ಟಿ" ಎಂದೆ. ಅಜ್ಜಿ ಕಣ್ಣು ಮುಚ್ಚಿ, "ತಾಯಿ ಬನಶಂಕರಿ, ನಿಂಬೆಹಣ್ಣಿನ ದೀಪ ಹಚ್ತೀನಿ" ಎಂದು ಹರಸಿಕೊಂಡರು. ಬೀಜ ಸಿಡಿದು ನನ್ನ ಅಂಗಿಯ ಮೇಲೆ ಬಿತ್ತು. ಬಸ್ಸಿಗೆ ಬಸ್ಸೇ ನಕ್ಕಿತು.

"ನಮ್ಮಮ್ಮನ ಸತ್ಯ ನೋಡಿ!" ಎಂದು ಅಜ್ಜಿ ಕೆನ್ನೆ ಬಡಿದುಕೊಂಡರು. ಆಮೇಲೆ ನನ್ನತ್ತ ಸರಿದು, "ಸಾರ್, ಮಂಡಿನೋವಿಗೆ ಅದ್ರಲ್ಲಿ ಏನ್ ಬರ್ದವ್ರೆ, ಒಸಿ ನೋಡಿ" ಎಂದರು.

ಉತ್ತರಹಳ್ಳಿ ಬರುವವರೆಗೂ ಖುಷಿಯಿಂದ ಓದಿ ಹೇಳಿದೆ. ಮಂಡಿನೋವಿನಂಥ ಚಿಲ್ಲರೆ ಕೆಲಸಕ್ಕೆಲ್ಲ ದೇವಿಗೆ ತೊಂದರೆ ಕೊಡುವುದು ಸರಿಯಲ್ಲ, ನೋಡಿ.