ಹಲ್ಲಿನ ಗಾಡಿಯ ಅಬಿದಾ

ಅಬಿದಾಳ ಬಗ್ಗೆ ಇಂಡಿಯಲ್ಲಿ ಯಾರನ್ನು ಕೇಳಿದರೂ ಮೊದಲು ಬರುವ ಮಾತು ‘ಆಕಿ ಭಾಳ ಜೋರ’ ಅಂತ. ಹಾಗೆ ಹೇಳುವವರಲ್ಲಿ ಅರ್ಧ ಜನ ಮನೆಯ ಮದುವೆಗೆ ಆಕೆಯ ಗಾಡಿ ಕೇಳಲು ಹೋಗಿ ಅಂಗಳದಲ್ಲಿ ಕೈಕಟ್ಟಿ ನಿಂತವರೇ. ನಾನು ಅನಿಲ, ಮದುವೆ ಫೋಟೋ ತೆಗೆಯುವವನು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕೂ ತಾಲೂಕಿನ ಮದುವೆ ಊಟ ಉಂಡೇ ನನ್ನ ಹೊಟ್ಟೆ ಈ ಆಕಾರಕ್ಕೆ ಬಂದಿದೆ. ಅಬಿದಾಳ ಜೋರನ್ನು ಹತ್ತಿರದಿಂದ ಕಂಡವನು ನಾನು. ಊರವರು ಅದನ್ನು ಬೈಗುಳದ ಹಾಗೆ ಹೇಳುವುದು ನನಗೆ ಸೇರುವುದಿಲ್ಲ.

ಆಕೆಯ ಗಾಡಿ ಬ್ಯೂಕ್, ಅಮೆರಿಕದ ಕಾರು. ನಲವತ್ತೆಂಟನೇ ಇಸವಿಯದು. ಕಪ್ಪು ಬಣ್ಣ, ಮಂಚದಷ್ಟು ಅಗಲದ ಹಿಂದಿನ ಸೀಟು, ಮೂತಿಯಲ್ಲಿ ಸಾಲಾಗಿ ದಪ್ಪ ದಪ್ಪ ಹೊಳೆಯುವ ಕಂಬಿಗಳು. ಗಾಡಿ ಹಲ್ಲು ಕಿರಿದು ನಿಂತ ಹಾಗೆ ಕಾಣುವುದರಿಂದ ಊರ ಹುಡುಗರ ಬಾಯಲ್ಲಿ ಅದು ಹಲ್ಲಿನ ಗಾಡಿ. ನಮ್ಮ ಕಡೆಯ ದೇಸಾಯರೊಬ್ಬರು ಮುಂಬೈಯಿಂದ ತರಿಸಿದ್ದು. ಅವರ ಮನೆತನ ಪುಣೆಗೆ ಹೋಗುವಾಗ ವಾಡೆ ಮಾರಾಟವಾಯಿತು, ಗಾಡಿಯನ್ನು ಯಾರೂ ಮೂಸಿ ನೋಡಲಿಲ್ಲ. ಅದು ಪೆಟ್ರೋಲು ಕುಡಿಯುವ ಪರಿ ಕೇಳಿಯೇ ಜನ ದೂರ ಸರಿದರು. ಕೊನೆಗೆ ಅಷ್ಟು ವರ್ಷ ಅದನ್ನು ಓಡಿಸಿದ ಡ್ರೈವರ್ ಕಾಸಿಂಸಾಬರಿಗೆ ‘ನೀನ ಇಟ್ಕೊ’ ಎಂದು ಬಿಟ್ಟು ಹೋದರು. ಕಾಸಿಂಸಾಬರು ಅದನ್ನು ಮದುಮಕ್ಕಳ ಮೆರವಣಿಗೆಗೆ ಓಡಿಸಿ ಮಗಳು ಅಬಿದಾ, ಮಗ ಅಶ್ಫಾಕ ಇಬ್ಬರನ್ನೂ ಬೆಳೆಸಿದರು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಸಕ್ಕರೆ ಕಾಯಿಲೆ ಕಾಸಿಂಸಾಬರ ಕಣ್ಣು ತಿಂದು ಹಾಕಿತು. ಗಾಡಿ ಬೇವಿನ ಗಿಡದ ಕೆಳಗೆ ನಿಂತಿತು. ಒಳಗೆ ಕೋಳಿ ಮೊಟ್ಟೆ ಇಡತೊಡಗಿದವು, ಸೀಟಿನ ಹೊಟ್ಟೆಯಲ್ಲಿ ಇಲಿ ಸಂಸಾರ ಹೂಡಿದವು. ಅದೇ ಕಾಲಕ್ಕೆ ಅಬಿದಾ ಸಿಂದಗಿಯ ಗಂಡನ ಮನೆಯಿಂದ ತವರಿಗೆ ಬಂದಳು. ಓಣಿಯಲ್ಲಿ ಯಾರೋ ‘ಗಂಡ ಬಿಟ್ಟಾಕಿ’ ಅಂದದ್ದು ಆಕೆಯ ಕಿವಿಗೆ ಬಿತ್ತು. ಹೋಗಿ ಅವರ ಬಾಗಿಲಲ್ಲೇ ನಿಂತು, “ಬಿಟ್ಟಾಂವ ಅಂವಲ್ಲ, ನಾನು. ಹೇಳೂದಾದ್ರ ಸರಿಯಾಗಿ ಹೇಳ್ರಿ,” ಅಂದು ಬಂದಳು. ಅಲ್ಲಿಗೆ ಆಕೆಯ ಹೆಸರು ಕೆಟ್ಟಿತು, ಆಕೆಗೆ ನೆಮ್ಮದಿಯಾಯಿತು.

ತಮ್ಮ ಅಶ್ಫಾಕ ಬಿಜಾಪುರದ ಗ್ಯಾರೇಜಿನಲ್ಲಿ ಫಿಟ್ಟರ್. ಕೆಟ್ಟವನಲ್ಲ, ಲೆಕ್ಕದ ಮನುಷ್ಯ. ಪುಣೆಯ ವ್ಯಾಪಾರಿಯೊಬ್ಬನನ್ನು ಗೊತ್ತುಮಾಡಿಕೊಂಡು ಬಂದ. ಆ ವ್ಯಾಪಾರಿ ಇಂಜಿನ್ ಕಿತ್ತು ಬರೀ ಮೈಯನ್ನು ಯಾವುದೋ ದೊಡ್ಡ ಹೋಟೆಲಿನ ಮುಂದೆ ಶೋಕಿಗೆ ನಿಲ್ಲಿಸುವವನಿದ್ದ.

“ಹೂವಿನ ಕುಂಡಾ ಇಟ್ಟಂಗ ಇಡ್ತಾನೇನು?” ಅಂದಳು ಅಬಿದಾ.

“ಹಂಗಾರ ಡೀಸೆಲ್ ಇಂಜಿನ್ನರ ಕೂಡಸ್ತೇನಿ. ಪೆಟ್ರೋಲ್ ಹಾಕಿ ಇದನ್ನ ಸಾಕೂದು ಯಾರ ಕೈಲೆ ಆಗ್ತೈತಿ?”

“ಡೀಸೆಲ್ ಕೂಡಿಸಿದ್ರ ಹಿಟ್ಟಿನ ಗಿರಣಿ ಬಂದಂಗ ಆಗ್ತೈತಿ. ಇದಕ್ಕ ಇದರದ ಇಂಜಿನ್ ಇರಬೇಕು. ನಾ ಹೊಡೀತೇನಿ.”

ಆಕೆಗೆ ಗಾಡಿ ಹೊಡೆಯಲು ಬರುತ್ತಿತ್ತು. ಸಣ್ಣವಳಿದ್ದಾಗ ದೇಸಾಯರ ಖಾಲಿ ಹೊಲದಲ್ಲಿ ಅಪ್ಪನೇ ಕಲಿಸಿದ್ದರು. ತಿರುಗಿ ಬಂದ ವರ್ಷವೇ ಲೈಸೆನ್ಸನ್ನೂ ತೆಗೆದುಕೊಂಡಿದ್ದಳು. ಅಶ್ಫಾಕ ಅಪ್ಪನ ಮುಖ ನೋಡಿದ, ಅಪ್ಪ ಯಾರ ಮುಖವನ್ನೂ ನೋಡುವ ಸ್ಥಿತಿಯಲ್ಲಿರಲಿಲ್ಲ. ಕಡೆಗೆ ಅವನೇ ಒಂದು ಕರಾರು ಹಾಕಿದ. “ಬರೂ ಬ್ಯಾಸಗಿಗೆ ಒಂದ ಲಗ್ನಾ ಪೂರಾ ಮಾಡಿ ತೋರಸು. ಗಾಡಿ ಎಲ್ಯಾರ ನಡುವ ಬಂದ್ ಬಿತ್ತು ಅಂದ್ರ ಪುಣೆದಾಂವ ಒಯ್ತಾನ. ಆಮ್ಯಾಲ ಒಂದ ಮಾತ ಆಡಂಗಿಲ್ಲ.” ಅಬಿದಾ ಒಪ್ಪಿದಳು. ಕಾಸಿಂಸಾಬರೂ ತಲೆ ಆಡಿಸಿದರು.

ಮರುದಿನ ಆಕೆ ಅಪ್ಪನ ಹಳೆಯ ಖಾಕಿ ಅಂಗಿಯನ್ನು ಸೀರೆಯ ಮೇಲೆ ತೊಟ್ಟು ಗಾಡಿಯ ಕೆಳಗೆ ತೂರಿದಳು. ಓಣಿಯವರಿಗೆ ಆಮೇಲೆ ಮಾಡಲು ಬೇರೆ ಕೆಲಸವೇ ಉಳಿಯಲಿಲ್ಲ. ಹೋಗುವವರು ಬರುವವರೆಲ್ಲ ನಿಂತು ಎರಡು ಕಾಲುಗಳನ್ನು ನೋಡಿ ಹೋಗುವುದು. ಕಾಸಿಂಸಾಬರು ಪಕ್ಕದ ಹೊರಸಿನ ಮೇಲೆ ಕೂತು, ಆಕೆ ಕೈಗೆ ಕೊಟ್ಟ ಸಾಮಾನನ್ನು ಸವರಿ ಇದು ಇಂಥದ್ದು, ಹೀಗೆ ಕೂಡುತ್ತದೆ ಎಂದು ಹೇಳುತ್ತಿದ್ದರು. ಹಾಗಂತ ಎಲ್ಲವೂ ಸುಸೂತ್ರ ನಡೆಯಲಿಲ್ಲ. ಒಮ್ಮೆ ಕಾರ್ಬೊರೇಟರ್ ಬಿಚ್ಚಿ ತೊಳೆದು ಜೋಡಿಸಿದ ಮೇಲೆ ಒಂದು ಸ್ಪ್ರಿಂಗು ಕೈಯಲ್ಲೇ ಉಳಿಯಿತು. ಪೂರ್ತಿ ಬಿಚ್ಚಿ ಮತ್ತೆ ಮೊದಲಿನಿಂದ. ಗಾಡಿಯ ಕರೆಂಟು ಆರು ವೋಲ್ಟಿನದು, ಅದಕ್ಕೆ ಬಲ್ಬು ಈಗ ಎಲ್ಲಿ ಸಿಗಬೇಕು? ಹಳೇ ಮೋಟಾರ್ ಸೈಕಲ್ಲುಗಳ ಬಲ್ಬು ಹುಡುಕಿ ತಂದಳು. ಸೀಟಿಗೆ ಕೌದಿ ಹೊಲಿದು ಹಾಕು ಎಂದು ನೆರೆಯವರು ಬುದ್ಧಿ ಹೇಳಿದರು. “ಕೌದಿ ಹಾಕಿದ್ರ ಚಕ್ಕಡಿ ಆಗ್ತೈತಿ,” ಅಂದು ಸೊಲ್ಲಾಪುರದಿಂದ ಕೆಂಪು ರೆಕ್ಸಿನ್ ತರಿಸಿದಳು. ದೇಸಾಯರ ಕಾಲದಲ್ಲಿ ಇದ್ದದ್ದೂ ಕೆಂಪೇ. ಅದಕ್ಕಾಗಿ ಕೈಯಲ್ಲಿನ ಎರಡು ಬಳೆ ಹೋದವು. ಆ ಬಗ್ಗೆ ಕೇಳಿದರೆ, “ಗೇರ್ ಹಾಕೂಮುಂದ ಅಡ್ಡ ಬರ್ತಿದ್ದುವು,” ಅಂದಳು.

ಎಲ್ಲಕ್ಕಿಂತ ಕಾಡಿದ್ದು ರೇಡಿಯೇಟರ್. ಮೂತಿಯ ಹಿಂದೆ ನಿಂತು ಇಂಜಿನ್ನನ್ನು ತಂಪಾಗಿಡುವ ನೀರಿನ ಡಬ್ಬಿ ಅದು. ನಮ್ಮ ಸವಳು ನೀರಿನ ಮಹಿಮೆ ನಿಮಗೆ ಗೊತ್ತಲ್ಲ. ಬಚ್ಚಲ ಹಂಡೆಯ ಹಾಗೆ ಅದರ ಒಳಗೆಲ್ಲ ಬಿಳಿ ಹಕ್ಕಳೆ ಕಟ್ಟಿ ಕೊಳವೆಗಳು ಮುಚ್ಚಿಹೋಗಿದ್ದವು. ಹೊಸದು ಸಿಗುವ ಮಾತೇ ಇರಲಿಲ್ಲ. ಅಬಿದಾ ಹೊರ್ತಿಯ ಬಾಳಮ್ಮನ ತೋಟದಿಂದ ಉದುರಿದ ಲಿಂಬೆಕಾಯಿ ಚೀಲಗಟ್ಟಲೆ ತಂದು, ಹಿಂಡಿ, ಸೋಸಿ, ರೇಡಿಯೇಟರಿಗೆ ತುಂಬಿ ಇಂಜಿನ್ ಓಡಿಸಿದಳು. ಹೊರಬಂದ ನೀರು ಕೆಂಪು ಮಣ್ಣಿನ ಬಣ್ಣದ್ದು. ಓಣಿಯ ತುಂಬ ಉಪ್ಪಿನಕಾಯಿ ವಾಸನೆ. ಹಕ್ಕಳೆ ಹೋಯಿತು, ಅದು ಇಷ್ಟು ದಿನ ಮುಚ್ಚಿಟ್ಟಿದ್ದ ತೂತುಗಳೆಲ್ಲ ಬಾಯಿ ಬಿಟ್ಟವು. ಕಲಾಯಿಯವನನ್ನು ಕರೆಸಿ ಒಂದೊಂದಾಗಿ ಬೆಸೆಸಿದಳು. ಆದರೂ ಎಲ್ಲ ಕೊಳವೆ ತೆರೆಯಲಿಲ್ಲ. ಗಾಡಿ ಓಡುತ್ತಿದ್ದರೆ ಗಾಳಿಗೆ ತಂಪಾಗಿರುತ್ತಿತ್ತು, ನಿಂತರೆ ಕುದಿಯುವ ಭಯ ಇದ್ದೇ ಇತ್ತು.

ಆ ಬಾಳಮ್ಮನೇ ಮೊದಲ ಮದುವೆಯನ್ನೂ ತಂದಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಲಿಂಬೆ ತೋಟ ನೋಡಿಕೊಂಡ ಹೆಣ್ಣುಮಗಳು. ಮಗಳು ವಿಜಯಶ್ರೀಯನ್ನು ಮುಳವಾಡದ ಅಮಿತ ಎಂಬ ಹುಡುಗನಿಗೆ ಗೊತ್ತುಮಾಡಿದ್ದಳು. ಮದುವೆ ಗಂಡಿನ ಊರಲ್ಲಿ. ಗಂಡಿನ ಕಡೆಯವರಿಗೆ ಮೆರವಣಿಗೆಗೆ ಹಲ್ಲಿನ ಗಾಡಿಯೇ ಬೇಕು, ಅದನ್ನು ಹೆಣ್ಣಿನವರೇ ತರಬೇಕು. ಬಾಳಮ್ಮ ಗಾಡಿ ಕೇಳಲು ಬಂದಾಗ ನಾನೂ ಅಲ್ಲೇ ಇದ್ದೆ. ಮದುವೆಯ ಫೋಟೋ ನನಗೇ ಒಪ್ಪಿಸಿದ್ದಳು.

“ಗಾಡ್ಯಾಗ ಹುಡುಗ ಕುಂಡ್ರತಾನ. ನಿಮ್ಮ ಮಗಳು ಯಾತರಾಗ ಹೋಗ್ತಾಳ್ರಿ?” ಅಬಿದಾ ಕೇಳಿದಳು.

“ಟ್ರ್ಯಾಕ್ಟರ್‌ನ್ಯಾಗ, ಎಲ್ಲಾರ ಗೂಡ. ಮತ್ತ ಹೆಂಗ ಹೋಗೂದು?”

ಅಬಿದಾ ಕೈಗೆ ಹತ್ತಿದ ಗ್ರೀಸ್ ಒರೆಸಿಕೊಂಡಳು. ಆಮೇಲೆ ಹೇಳಿದಳು. “ನನ್ನ ಲಗ್ನದಾಗ ಈ ಗಾಡಿ ನಮ್ಮ ಅಬ್ಬಾನ ಹೊಡದಾನ್ರಿ. ನಿಕಾಹ ಆದ ಮ್ಯಾಲ ದುಲ್ಹಾ ಹತ್ತಿದ, ಅವನ ಗೆಳ್ಯಾರು ಹತ್ತಿದ್ರು. ನನಗ ಜಾಗಾ ಉಳೀಲಿಲ್ಲ. ಸಂದೂಕಾ, ಭಾಂಡೇ, ಗಾದಿ ಹೇರಿದ ಟೆಂಪೋದಾಗ ನನ್ನ ಕೂಡ್ರಿಸಿ ಸಿಂದಗಿಗೆ ಕಳಿಸಿದ್ರು. ಹಾದಿ ಪೂರಾ ಈ ಗಾಡಿ ಧೂಳ ತಿಂದೇನಿ. ನನ್ನ ಅಪ್ಪನ ಗಾಡಿದು.”

ಹೊರಸಿನ ಮೇಲೆ ಕೂತಿದ್ದ ಕಾಸಿಂಸಾಬರು ಅದರ ಹಗ್ಗವನ್ನು ಎಳೆಯತೊಡಗಿದರು. ನನಗೆ ಆ ಹೊತ್ತಿನಲ್ಲಿ ಅಲ್ಲಿಂದ ಎದ್ದು ಹೋಗಬೇಕೆನಿಸಿತ್ತು.

“ಗಾಡಿ ಹೊರ್ತಿಗೆ ಬರ್ತೈತಿ,” ಅಬಿದಾ ಮುಂದುವರಿಸಿದಳು. “ನಿಮ್ಮ ಮಗಳು ಹಿಂದಿನ ಸೀಟಿನ್ಯಾಗ, ಬಾಜೂಕ ನೀವು. ಮುಳವಾಡದ ಅಗಸಿ ದಾಟಿ ಹಂದರದ ಮಟಾ ಆಕೀನ ಇಳಸಂಗಿಲ್ಲ. ಅಕ್ಕಿಕಾಳ ಬಿದ್ದ ಮ್ಯಾಲ ಬೇಕಾದ್ರ ಅಂವನೂ ಕುಂಡ್ರಲಿ. ಇದಕ್ಕ ಒಪ್ಪಿದ್ರ ಗಾಡಿ, ಇಲ್ಲಾಂದ್ರ ಇಲ್ಲ.”

ಬಾಳಮ್ಮ ಎದ್ದು ಸೆರಗು ಸರಿಮಾಡಿಕೊಂಡಳು. “ಬೀಗರು ಒದರತಾರ,” ಅಂದಳು. ಬಾಗಿಲ ತನಕ ಹೋಗಿ ತಿರುಗಿದಳು. “ಒದರಲಿ. ತಗೊಂಡ ಬಾರವ್ವಾ.”

ಎರಡು ಸಾವಿರದ ಎರಡನೇ ಇಸವಿಯ ಮೇ ತಿಂಗಳು. ಹೊರ್ತಿಯಿಂದ ಹೊರಟಾಗ ಮುಂದಿನ ಸೀಟಿನಲ್ಲಿ ಅಬಿದಾ, ನಡುವೆ ಕಾಸಿಂಸಾಬರು, ಬಾಗಿಲ ಹತ್ತಿರ ಕ್ಯಾಮೆರಾ ಅಪ್ಪಿಕೊಂಡ ನಾನು. ಹಿಂದೆ ಕೆಂಪು ಸೀಟಿನಲ್ಲಿ ವಿಜಯಶ್ರೀ ಮತ್ತು ಬಾಳಮ್ಮ. ನಮ್ಮ ಹಿಂದೆ ಟ್ರ್ಯಾಕ್ಟರಿನಲ್ಲಿ ಉಳಿದ ಬಳಗ, ಎಲ್ಲರಿಗಿಂತ ಹಿಂದೆ ಮೋಟಾರ್ ಸೈಕಲ್ಲಿನಲ್ಲಿ ಅಶ್ಫಾಕ. ಕರಾರು ಕಣ್ಣಾರೆ ನೋಡಲು ಬಂದಿದ್ದ. ಬಿಜಾಪುರ ದಾಟುವ ಮೊದಲೇ ಟ್ರ್ಯಾಕ್ಟರಿಗಾಗಿ ಕಾಯುತ್ತ ಎರಡು ಸಲ ನಿಲ್ಲಬೇಕಾಯಿತು, ಜೊತೆಗೆ ತಂದ ಡಬ್ಬಿಯ ನೀರೆಲ್ಲ ರೇಡಿಯೇಟರಿನ ಹೊಟ್ಟೆ ಸೇರಿತು. ಗಾಡಿ ಮಾತ್ರ ಬಂದ್ ಬೀಳಲಿಲ್ಲ. ಎಂಟು ಸಿಲಿಂಡರಿನ ಆ ಮೆತ್ತಗಿನ ಸದ್ದಿಗೆ ಕಾಸಿಂಸಾಬರ ಮುಖ ಅರಳಿತ್ತು. ಅವರನ್ನು ಅಷ್ಟು ಸುಖವಾಗಿ ನಾನು ಹಿಂದೆಂದೂ ಕಂಡಿರಲಿಲ್ಲ.

ಮುಳವಾಡದ ಅಗಸಿಯಲ್ಲಿ, ಅಂದರೆ ಊರ ಹೆಬ್ಬಾಗಿಲಲ್ಲಿ, ಬಾಜಾ, ಭಜಂತ್ರಿ, ಊರೇ ನೆರೆದಿತ್ತು. ಬೀಗರನ್ನು ಎದುರುಗೊಳ್ಳಲು ಗಂಡಿನ ಕಡೆಯ ಹೆಂಗಸರು ತುಂಬಿದ ಕೊಡ ಹೊತ್ತು ಸಾಲಾಗಿ ನಿಂತಿದ್ದರು. ಬಾಸಿಂಗ ಕಟ್ಟಿಕೊಂಡ ಅಮಿತ ಗಾಡಿಯ ಕಡೆ ಬಂದ. ಅವನ ಹಿಂದೆ ದೊಡ್ಡಪ್ಪ ರಾವಸಾಬರು, ಆ ಮನೆಯ ಹಿರೇತನ ಅವರದೇ.

“ಹುಡುಗೀನ ಇಳಸ್ರಿ. ಹುಡುಗ ಹತ್ತತಾನ,” ಅಂದರು.

“ಇಳಸಂಗಿಲ್ರಿ,” ಅಂದಳು ಅಬಿದಾ, ಇಂಜಿನ್ ಬಂದ್ ಮಾಡದೆ.

ರಾವಸಾಬರು ಆಕೆಯನ್ನು ಬಿಟ್ಟು ಕಾಸಿಂಸಾಬರ ಕಡೆ ಬಗ್ಗಿದರು. “ಏನ್ ಕಾಸಿಂ, ಎಷ್ಟ ಲಗ್ನಾ ಮಾಡೀಯಪಾ ನೀ. ಹೆಣ್ಣ ಮೆರೀತಾ ಊರ ಹೊಕ್ಕಿದ್ದು ಎಲ್ಯಾರ ಕಂಡಿ ಏನು? ಹೇಳು ಮಗಳಿಗೆ.”

“ನಾ ಹೇಳೂದು ಏನೂ ಇಲ್ರಿ,” ಅಂದರು ಕಾಸಿಂಸಾಬರು. “ಗಾಡಿ ಆಕಿ ಹೊಡ್ಯಾಕತ್ತಾಳ.”

ಬಾಳಮ್ಮ ಒಳಗಿನಿಂದಲೇ, “ಬೀಗರ, ಗಾಡಿ ತಂದಾಕಿ ನಾನು. ನನ್ನ ಮಗಳು ಕುಂತಾಳ, ಕುಂಡ್ರಲಿ,” ಅಂದಳು. ಮಾತಿಗೆ ಮಾತು ಬೆಳೆಯಿತು. ಬಿಸಿಲು ನೆತ್ತಿ ಸುಡುತ್ತಿತ್ತು. ನಿಂತ ಗಾಡಿಯ ಬಿಸಿ ತೋರಿಸುವ ಮುಳ್ಳು ಮೇಲೇರುತ್ತಿರುವುದನ್ನು ಅಬಿದಾ ನೋಡುತ್ತಿದ್ದಳು, ನಾನೂ ನೋಡುತ್ತಿದ್ದೆ. ಕೊನೆಗೆ ಹಲ್ಲುಗಳ ಸಂದಿಯಿಂದ ಬುಸ್ಸೆಂದು ಹಬೆ ಎದ್ದಿತು.

ಜನ ಹೋ ಎಂದು ನಕ್ಕರು. “ನೋಡ್ರಿ, ಗಾಡಿಗೆ ಸೈತ ತಿಳೀತು,” ಅಂದರು ರಾವಸಾಬರು. “ಹುಡುಗೀನ ಟ್ರ್ಯಾಕ್ಟರ್ ಹತ್ತಸ್ರಿ ಇನ್ನ.”

ಅಶ್ಫಾಕ ಕಿಟಕಿಯ ಹತ್ತಿರ ಬಂದು ಸಣ್ಣ ದನಿಯಲ್ಲಿ, “ಆತಲ್ಲ ಅಕ್ಕಾ. ಬಂದ್ ಮಾಡು. ಇಂಜಿನ್ ಸುಟ್ಟೀತು,” ಅಂದ. ಅಬಿದಾ ಕೆಳಗಿಳಿದು ಬಾನೆಟ್ ಎತ್ತಿದಳು. ಸುತ್ತ ನೋಡಿ, “ಯಾರರ ಒಂದ ಕೊಡಾ ನೀರ ಕೊಡ್ರಿ,” ಅಂದಳು. ಗಂಡಸರು ರಾವಸಾಬರ ಮುಖ ನೋಡಿದರು, ಒಬ್ಬನೂ ಕದಲಲಿಲ್ಲ. ಅಬಿದಾ ಅತ್ತಿದ್ದರೆ ನಾನೂ ಅತ್ತುಬಿಡುತ್ತಿದ್ದೆ.

ಆಗ ಕೊಡ ಹೊತ್ತ ಸಾಲಿನಿಂದ ಇಂದುಬಾಯಿ ಹೊರಬಂದರು. ಅಮಿತನ ತಾಯಿ, ಅಂದರೆ ವಿಜಯಶ್ರೀಗೆ ಅತ್ತೆಯಾಗುವವರು. ಕೊಡದ ಮೇಲಿನ ತೆಂಗಿನಕಾಯಿ, ಎಲೆ ತೆಗೆದು ಪಕ್ಕದವಳ ಕೈಗಿಟ್ಟು, “ಎಲ್ಲಿ ಹಾಕೂದಬೇ?” ಅಂತ ಅಬಿದಾಳನ್ನು ಕೇಳಿದರು.

“ಅದು ಎದುರುಗೊಳ್ಳೂ ಕೊಡಾ,” ಅಂತ ರಾವಸಾಬರು ಗದರಿದರು.

“ಹೌದ್ರಿ. ಅದನ್ನ ಮಾಡಾಕತ್ತೇನಿ,” ಅಂದರು ಇಂದುಬಾಯಿ. ಮೈದುಂಬ ಸೆರಗು ಹೊದ್ದ ಸಣ್ಣ ಹೆಂಗಸು, ಭಾವನ ಎದುರು ಅಷ್ಟು ಮಾತು ಆಡಿದ್ದು ಅದೇ ಮೊದಲಿರಬೇಕು. ಅಲ್ಲಿಗೇ ಬಿಡಲಿಲ್ಲ. “ನಾ ಈ ಅಗಸ್ಯಾಗ ಬರೂಮುಂದ ಚಕ್ಕಡ್ಯಾಗ ಜ್ವಾಳದ ಚೀಲದ ಮ್ಯಾಲ ಕುಂತ ಬಂದಿದ್ನಿ. ಇಳಿ ಅಂತ ಯಾರೂ ಅನ್ನಲಿಲ್ಲ. ಯಾಕಂದ್ರ ಆ ಚಕ್ಕಡಿ ಯಾರಿಗೂ ಬೇಕಾಗಿದ್ದಿಲ್ಲ.”

ಅಬಿದಾ ಗೋಣಿತಟ್ಟು ಹಿಡಿದು ಮುಚ್ಚಳ ತಿರುಗಿಸಿದಳು. ಹಬೆ ಪೂರ್ತಿ ಹೋಗುವ ತನಕ ಕಾದು, “ಇಂಜಿನ್ ಚಾಲೂ ಇರಲಿ. ಸಣ್ಣ ಧಾರ ಬಿಡ್ರಿ,” ಅಂದಳು. ಇಂದುಬಾಯಿ ಬಿಟ್ಟರು. ಅವರ ಹಿಂದೆ ಇನ್ನೊಬ್ಬಳು ಬಂದು ಕೊಡ ಇಳಿಸಿದಳು, ಅವಳ ಹಿಂದೆ ಮತ್ತೊಬ್ಬಳು. ಕಾಸಿಂಸಾಬರು ಕಣ್ಣು ಮುಚ್ಚಿ ಕಿವಿಗೊಟ್ಟು ಕೂತಿದ್ದರು. ಮುಳ್ಳು ನಿಧಾನ ಕೆಳಗಿಳಿಯಿತು.

ಬಾನೆಟ್ ಹಾಕಿ ಅಬಿದಾ ತಮ್ಮನ ಕಡೆ ತಿರುಗಿದಳು. “ಬಂದ್ ಬಿದ್ದೈತೇನು? ಕಿವಿ ಕೊಟ್ಟ ಕೇಳು. ನೀರ ಕುಡದೈತಿ, ಅಷ್ಟ.”

ಇಂದುಬಾಯಿ ಹಿಂದಿನ ಬಾಗಿಲು ತೆರೆದು ಸೊಸೆಯ ಪಕ್ಕ ಕೂತರು. ಖಾಲಿ ಕೊಡ ಅಗಸಿಯೊಳಗೆ ತರಬಾರದು ಅಂತ ಯಾರೋ ಅಂದರು. “ಖಾಲಿ ಎಲ್ಲೈತಿ? ನೀರ ಗಾಡ್ಯಾಗ ಐತಿ,” ಅಂದು ಅವರು ಕೊಡವನ್ನು ತೊಡೆಯ ಮೇಲಿಟ್ಟುಕೊಂಡರು. ಅಮಿತ ಬಾಜಾದವರ ಜೊತೆ ಮುಂದೆ ನಡೆಯತೊಡಗಿದ. ರಾವಸಾಬರು ಮಾತ್ರ ಗಾಡಿಯ ಮೂತಿಯ ಮುಂದೆ ಕೈ ಹಿಂದೆ ಕಟ್ಟಿ ನಿಂತೇ ಇದ್ದರು. ಅಬಿದಾ ಗೇರ್ ಹಾಕಿ, ಕ್ಲಚ್ಚಿನ ಮೇಲೆ ಕಾಲಿಟ್ಟು ಕಾದಳು.

ಅಶ್ಫಾಕ ಗಾಡಿಯ ಸುತ್ತ ಬಂದು ರಾವಸಾಬರ ಎದುರು ನಿಂತ.

“ಬಾಜೂಕ ಸರೀರಿ ಕಾಕಾ,” ಅಂದ. “ನಮ್ಮಕ್ಕನ ಗಾಡಿ ಬರಾಕತ್ತೈತಿ.”