ಮಲ್ಲೇಶಿ ಕಾಕಾ ಕಟ್ಟಿದ ಪದ

ತಮ್ಮ-ತಂಗಿಯರೇ, ಮುದ್ದೇಬಿಹಾಳದ ಮದುವೆಯಿಂದ ಈಗಷ್ಟೇ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

ಯಂಕಂಚಿಯ ಮಲ್ಲೇಶಿ ಕಾಕಾ ತಾವೇ ಪದ ಕಟ್ಟಿ ತಾವೇ ಹಾಡುವವರು. ಅವರ ಕ್ಯಾಸೆಟ್ಟನ್ನು ನಾನು ಟೇಪು ಸವೆಯುವಷ್ಟು ಕೇಳಿದ್ದೇನೆ. ಎದುರು ಕೂತು ಕೇಳಿದರಂತೂ ಮನೆಗೆ ಹೋಗಲು ಮನಸ್ಸಾಗುವುದಿಲ್ಲ. ಇವತ್ತು ಅವರು ಸುಮ್ಮನೆ ಊಟಕ್ಕೆ ಬಂದಿದ್ದರು. ವೇದಿಕೆಯಲ್ಲಿ ಆರ್ಕೆಸ್ಟ್ರಾದ ಗಾಯಕ ಅವರದೇ ಪದ ಹಾಡಿದ. ಹಾಡಿದ್ದಕ್ಕೆ ಬೇಸರವಿಲ್ಲ. ನಮ್ಮ ಕಡೆ ಪದ ಕಟ್ಟಿದವರ ಊರು, ಹೆಸರು ಹಾಡಿನ ಕಡೆಯ ನುಡಿಯಲ್ಲಿ ಬರುತ್ತವಲ್ಲ, ಅಲ್ಲಿ ಈ ಮಹಾಶಯ ಕಾಕಾನ ಹೆಸರು ತೆಗೆದು ತನ್ನದನ್ನು ಕೂರಿಸಿಬಿಟ್ಟ.

ನಾನು ಎದ್ದು ಹೋಗಿ ಕೇಳಿದೆ. “ಯಪ್ಪಾ, ಕಟ್ಟಿದವರ ಹೆಸರು ಎಲ್ಲಿ ಹೋತು?”

“ಇದು ಜಾನಪದರಿ ಆಯಿ. ಕಟ್ಟಿದವರು ಯಾವಾಗೋ ಸತ್ತಿರ್ತಾರ.”

“ಅಲ್ಲಿ ಹೋಳಿಗಿ ತಿನ್ನಾಕತ್ತಾರ, ನೋಡು.”

ಅವನು ನೋಡಿದ. ಮುಖ ಸ್ವಲ್ಪವೂ ಬಾಡಲಿಲ್ಲ. “ಹಂಗಂದ್ರ ಬಂದು ಹಾಡ್ಲಿ ಬಿಡ್ರಿ” ಎಂದ.

ಕಾಕಾ ಕೈ ತೊಳೆದು ವೇದಿಕೆಗೆ ಬಂದು ಅದೇ ಪದ ಎತ್ತಿಕೊಂಡರು. ತಾಳವಿಲ್ಲ, ಮೇಳವಿಲ್ಲ, ಬರೀ ಕಂಠ. ಕಡೆಯ ನುಡಿಯಲ್ಲಿ ಯಂಕಂಚಿಯನ್ನೂ ಮಲ್ಲೇಶಿಯನ್ನೂ ಒತ್ತಿ ಹಾಡಿ ಕೆಳಗಿಳಿದರು. ನನಗೆ ಕಣ್ಣು ತುಂಬಿತ್ತು.

ಅಷ್ಟರಲ್ಲಿ ಮದುಮಗನ ಅಪ್ಪ ಬಂದು ಕಾಕಾನ ಹೆಗಲ ಮೇಲೆ ಕೈ ಹಾಕಿದರು.

“ದನಿ ಭಾಳ ಚಲೋ ಐತ್ರಿ ಅಜ್ಜಾರ. ಆದ್ರ ಕಡೀಕ ಆ ಹುಡುಗನ ಹೆಸರು ಬಿಟ್ಟು ನಿಮ್ಮ ಹೆಸರು ಹಾಕ್ಕೊಂಡ್ರಲ್ಲ, ಅದು ಸರಿ ಅಲ್ರಿ.”